ಪಿಸ್ತೂಲು ತಾನಾಗಿ ಸಿಡಿಯುತ್ತದೆಯೇ?



ಪತ್ರಿಕೆಗಳಲ್ಲಿ ಆಗಾಗ ಒಂದು ಬಗೆಯ ಸುದ್ದಿಯನ್ನು ನೀವು ಓದಿರುತ್ತೀರಿ. "ಸ್ವಚ್ಛಗೊಳಿಸುತ್ತಿದ್ದಾಗ ಆಕಸ್ಮಿಕವಾಗಿ ಗುಂಡು ಹಾರಿ ಪೇದೆಗೆ ಗಾಯ", "ಕೋವಿ ಕೈಜಾರಿ ಬಿದ್ದು ಗುಂಡು ಸಿಡಿದು ರೈತ ಸಾವು" ಎಂಬಂಥ ನಾಲ್ಕು ಸಾಲಿನ ಸುದ್ದಿ ಅದು. ಓದಿದವರಲ್ಲಿ ಒಬ್ಬರು "ಅಜಾಗರೂಕತೆ" ಎನ್ನುತ್ತಾರೆ. ಇನ್ನೊಬ್ಬರು "ಆಯುಧವೇ ಸರಿಯಿಲ್ಲ" ಎನ್ನುತ್ತಾರೆ. ಎರಡೂ ಮಾತು ಬಾಯಿಂದ ಸುಲಭವಾಗಿ ಬರುತ್ತದೆ. ಆದರೆ ಇವುಗಳಲ್ಲಿ ಯಾವುದು ನಿಜ ಎಂಬುದರ ಮೇಲೆ ಒಬ್ಬ ಮನುಷ್ಯನ ನೌಕರಿ, ಮಾನ, ಕೆಲವೊಮ್ಮೆ ಸೆರೆವಾಸವೇ ನಿಂತಿರುತ್ತದೆ. ತಪ್ಪು ಯಂತ್ರದ್ದಾಗಿದ್ದು ಶಿಕ್ಷೆ ಮನುಷ್ಯನಿಗಾದರೆ ಅದು ಅನ್ಯಾಯ. ತಪ್ಪು ಮನುಷ್ಯನದಾಗಿದ್ದು ದೂರು ಯಂತ್ರದ ಮೇಲೆ ಹೋದರೆ ನಾಳೆ ಅದೇ ತಪ್ಪು ಮತ್ತೊಬ್ಬನ ಜೀವ ತೆಗೆಯುತ್ತದೆ.

ಇಂದಿನ ಪಿಸ್ತೂಲಿನ ರಚನೆಯ ಬಗ್ಗೆ ಜಗತ್ತಿನಲ್ಲಿ ದೊಡ್ಡ ವಾದವೇ ನಡೆದಿದೆ. ಆ ವಾದವನ್ನು ಅರ್ಥ ಮಾಡಿಕೊಳ್ಳಲು ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ನಿಮಗೆ ದೂರ ಹೋಗಬೇಕಾಗಿಲ್ಲ. ಮೊದಲು ಅಜ್ಜನ ಮನೆಯ ಕೋವಿಯಿಂದಲೇ ಆರಂಭಿಸೋಣ.

ಕೇಪಿನ ಕೋವಿ ಕಲಿಸುವ ಪಾಠ

ಗೇರುಸೊಪ್ಪೆಯ ಸುತ್ತಲಿನ ಅಡಿಕೆ ತೋಟಗಳಲ್ಲಿ, ಅಘನಾಶಿನಿ ಕಣಿವೆಯ ಗದ್ದೆಗಳಲ್ಲಿ, ಭಟ್ಕಳದ ಘಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಕಾಡುಹಂದಿ ಮತ್ತು ಮಂಗಗಳ ಕಾಟ ಹೊಸತಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ಇಲ್ಲಿ ಅನೇಕ ಮನೆಗಳಲ್ಲಿವೆ. ಅವುಗಳಲ್ಲಿ ಬಹಳ ಹಳೆಯ ಬಗೆ ಎಂದರೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ನಳಿಗೆಯೊಳಗೆ ಮದ್ದು, ಅದರ ಮೇಲೆ ಚರೆ. ಹಿಂಬದಿಯ ಮೊಲೆಯಂಥ ತುದಿಯ ಮೇಲೆ ಒಂದು ಪುಟ್ಟ ಕೇಪು. ಟ್ರಿಗರ್ ಎಳೆದಾಗ ಕುದುರೆ ಬಂದು ಕೇಪಿಗೆ ಬಡಿಯುತ್ತದೆ, ಕಿಡಿ ಹಾರುತ್ತದೆ, ಮದ್ದು ಹೊತ್ತಿಕೊಳ್ಳುತ್ತದೆ. ಕುದುರೆ ಎಂದರೆ ಇಲ್ಲಿ ಸುತ್ತಿಗೆಯಂತೆ ಬಡಿಯುವ ಭಾಗ ಎಂದು ತಿಳಿಯಿರಿ.

ಈ ಕೋವಿಯ ಸುರಕ್ಷತೆ ಬಹಳ ಸರಳ. ಕೇಪು ತೆಗೆದಿಟ್ಟರೆ ಕುದುರೆ ಬಡಿದರೂ ಕಿಡಿಯಿಲ್ಲ. ಆದ್ದರಿಂದ ಅನುಭವಿಗಳು ಕೇಪನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದು ಬೇಕಾದಾಗ ಮಾತ್ರ ಕೂರಿಸುತ್ತಾರೆ. ಆದರೆ ರಾತ್ರಿ ಹಂದಿಯ ಹಿಂಡು ಗದ್ದೆಗೆ ಇಳಿದಾಗ ಕತ್ತಲಲ್ಲಿ ಕೇಪು ಹುಡುಕುತ್ತ ಕೂರಬೇಕು. ಆ ತೊಂದರೆ ಬೇಡವೆಂದು ಕೇಪು ಕೂರಿಸಿಯೇ ಮೂಲೆಗೆ ಒರಗಿಸಿಟ್ಟರೆ, ಕೋವಿ ಜಾರಿ ಬಿದ್ದು ಕುದುರೆಗೆ ಪೆಟ್ಟಾದ ದಿನ ಮನೆಯಲ್ಲಿ ಅನಾಹುತ. ಇನ್ನು ಮಳೆಗಾಲ ಬಂತೆಂದರೆ ಬೇರೆಯದೇ ಕಥೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಮದ್ದು ತೇವ ಹಿಡಿದರೆ, ಬೇಕೆಂದಾಗಲೂ ಕೋವಿ ಸಿಡಿಯದು.

ಇಲ್ಲಿ ಎರಡು ಬೇರೆ ಬೇರೆ ಗುಣಗಳಿರುವುದನ್ನು ಗಮನಿಸಿ. ಬೇಡವಾದಾಗ ಸಿಡಿಯದಿರುವುದು ಸುರಕ್ಷತೆ. ಬೇಕಾದಾಗ ತಪ್ಪದೆ ಸಿಡಿಯುವುದು ವಿಶ್ವಾಸಾರ್ಹತೆ. ಚರ್ಚಾಸ್ಪರ್ಧೆಗಳಲ್ಲಿ ಈ ಎರಡನ್ನೂ ಒಂದೇ ಎಂಬಂತೆ ಮಾತನಾಡುವುದುಂಟು. ವಾಸ್ತವದಲ್ಲಿ ಇವು ಹಗ್ಗ ಜಗ್ಗುವ ಎರಡು ತಂಡಗಳಂತೆ. ಒಂದಕ್ಕೆ ಕೊಟ್ಟದ್ದನ್ನು ಬಹುಪಾಲು ಇನ್ನೊಂದರಿಂದಲೇ ಕಿತ್ತುಕೊಳ್ಳಬೇಕಾಗುತ್ತದೆ. ಕಳೆದ ನೂರೈವತ್ತು ವರ್ಷಗಳ ಕೈಬಂದೂಕಿನ ಇತಿಹಾಸವೆಲ್ಲ ಈ ಜಗ್ಗಾಟದ ಇತಿಹಾಸವೇ.

ಹಡಗಿನ ಮೇಲೆ ಬಿದ್ದ ರಿವಾಲ್ವರ್

ರಿವಾಲ್ವರಿನಲ್ಲಿ ತಿರುಗುವ ಉರುಳೆಯೊಂದಿದ್ದು ಅದರ ಮನೆಗಳಲ್ಲಿ ಸಾಮಾನ್ಯವಾಗಿ ಆರು ತೋಟಾಗಳು ಕೂರುತ್ತವೆ. ಹಳೆಯ ಕಾಲದ ಅನೇಕ ರಿವಾಲ್ವರುಗಳಲ್ಲಿ ಕುದುರೆ ನೇರವಾಗಿ ತೋಟಾದ ಹಿಂಬದಿಯ ಮೇಲೆಯೇ ಒರಗಿರುತ್ತಿತ್ತು. ಕುದುರೆಗೆ ಪೆಟ್ಟು ಬಿದ್ದರೆ ಗುಂಡು ಹಾರಿತೆಂದೇ ಅರ್ಥ. ಅದಕ್ಕಾಗಿ ಬುದ್ಧಿವಂತರು ಆರು ಮನೆಗಳಲ್ಲಿ ಐದನ್ನು ಮಾತ್ರ ತುಂಬಿ, ಕುದುರೆಯ ಕೆಳಗಿನ ಮನೆಯನ್ನು ಖಾಲಿ ಬಿಡುತ್ತಿದ್ದರು. ಇದು ನಮ್ಮ ಅಜ್ಜ ಕೇಪು ತೆಗೆದಿಟ್ಟ ಉಪಾಯವೇ. ಸುರಕ್ಷತೆಗಾಗಿ ಒಂದು ಗುಂಡಿನ ಬೆಲೆ ತೆತ್ತಂತಾಯಿತು.

ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ ಅಮೆರಿಕದ ನೌಕಾಪಡೆಯಲ್ಲಿ ಒಂದು ದುರಂತ ನಡೆಯಿತು. ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ರಿವಾಲ್ವರೊಂದು ಹಡಗಿನ ಉಕ್ಕಿನ ನೆಲದ ಮೇಲೆ ಬಿದ್ದು ಸಿಡಿದು ನಾವಿಕನೊಬ್ಬ ಸತ್ತನು. ಆ ರಿವಾಲ್ವರಿನಲ್ಲಿ ಸುರಕ್ಷತೆಯ ಏರ್ಪಾಡು ಇರಲಿಲ್ಲವೆಂದಲ್ಲ. ಇದ್ದದ್ದು ಆ ಪೆಟ್ಟಿಗೆ ಸಾಲಲಿಲ್ಲ. ಕಂಪನಿ ಕೂಡಲೇ ಕುದುರೆಗೂ ಚೌಕಟ್ಟಿಗೂ ನಡುವೆ ಸರಿದು ನಿಲ್ಲುವ ಹೊಸ ತಡೆಪಟ್ಟಿಯನ್ನು ಅಳವಡಿಸಿತು. ಟ್ರಿಗರನ್ನು ಪೂರ್ತಿ ಎಳೆದಾಗ ಮಾತ್ರ ಆ ಪಟ್ಟಿ ದಾರಿ ಬಿಡುತ್ತದೆ.

ಈ ಘಟನೆಯಲ್ಲಿ ಯಾರೂ "ನಾವಿಕನ ಅಜಾಗರೂಕತೆ" ಎಂದು ಕಡತ ಮುಚ್ಚಲಿಲ್ಲ ಎಂಬುದು ನೆನಪಿಡುವ ಸಂಗತಿ. ಆಯುಧ ಕೈಜಾರಿ ಬೀಳುವುದು ಸಹಜ. ಬಿದ್ದಾಗ ಸಿಡಿಯದಂತೆ ಮಾಡುವುದು ತಯಾರಕನ ಹೊಣೆ.

ಬೆರಳೇ ಕೀಲಿಕೈ

ಈಗ ಪಿಸ್ತೂಲಿಗೆ ಬರೋಣ. ಪಿಸ್ತೂಲಿನಲ್ಲಿ ತೋಟಾಗಳು ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿರುತ್ತವೆ. ಒಂದು ಗುಂಡು ಹಾರಿದಾಗ ಅದರ ಶಕ್ತಿಯಿಂದಲೇ ಮೇಲಿನ ಉಕ್ಕಿನ ಹೊದಿಕೆ, ಅಂದರೆ ಸ್ಲೈಡ್, ಹಿಂದೆ ಸರಿದು ಖಾಲಿ ತೋಟಾವನ್ನು ಹೊರಗೆಸೆದು ಮುಂದಿನದನ್ನು ನಳಿಗೆಗೆ ತಳ್ಳುತ್ತದೆ. ನಮ್ಮ ದೇಶದ ಸೇನೆ ಮತ್ತು ಪೊಲೀಸ್ ಪಡೆಗಳು ದಶಕಗಳಿಂದ ಬಳಸಿದ 9 ಮಿಲಿಮೀಟರ್ ಪಿಸ್ತೂಲು ಪಶ್ಚಿಮ ಬಂಗಾಳದ ಇಷಾಪುರದ ಸರಕಾರಿ ಕಾರ್ಖಾನೆಯಲ್ಲಿ ತಯಾರಾದದ್ದು. ಅದರ ಮೂಲ ಜಾನ್ ಬ್ರೌನಿಂಗ್ ಎಂಬ ಅಮೆರಿಕನ್ ತಂತ್ರಜ್ಞ ಆರಂಭಿಸಿ, ಬೆಲ್ಜಿಯಮ್ ದೇಶದಲ್ಲಿ 1935ರಲ್ಲಿ ಪೂರ್ಣಗೊಂಡ ರಚನೆ. ಅದರ ಎಡಬದಿಗೆ ಒಂದು ಸಣ್ಣ ಸನ್ನೆ ಇದೆ. ಅದನ್ನು ಮೇಲಕ್ಕೆ ಒತ್ತಿದರೆ ಪಿಸ್ತೂಲು ಬೀಗ ಹಾಕಿದಂತೆ, ಕೆಳಕ್ಕೆ ಒತ್ತಿದರೆ ಸಿದ್ಧ.

1982ರಲ್ಲಿ ಆಸ್ಟ್ರಿಯಾದ ಸೇನೆ ಗಾಸ್ಟನ್ ಗ್ಲಾಕ್ ಎಂಬುವರ ಹೊಸ ಪಿಸ್ತೂಲನ್ನು ಒಪ್ಪಿಕೊಂಡಿತು. ಚೌಕಟ್ಟು ಪ್ಲಾಸ್ಟಿಕ್ ಜಾತಿಯ ವಸ್ತುವಿನದು. ಹೊರಗೆ ಕುದುರೆ ಇಲ್ಲ, ಅದರ ಬದಲು ಒಳಗೆ ಸ್ಪ್ರಿಂಗಿನಿಂದ ಮುನ್ನುಗ್ಗುವ ಸೂಜಿ. ಎಲ್ಲಕ್ಕಿಂತ ಹೆಚ್ಚಾಗಿ, ಬೆರಳಿನಿಂದ ತೆಗೆದು ಹಾಕುವ ಸುರಕ್ಷತಾ ಸನ್ನೆಯೇ ಇಲ್ಲ! ಬದಲಿಗೆ ತಾವಾಗಿಯೇ ಕೆಲಸ ಮಾಡುವ ಮೂರು ತಡೆಗಳಿವೆ. ಟ್ರಿಗರಿನ ನಡುವೆ ಒಂದು ಪುಟ್ಟ ನಾಲಿಗೆ ಇದ್ದು, ಬೆರಳು ಅದನ್ನು ಒತ್ತದ ಹೊರತು ಟ್ರಿಗರ್ ಚಲಿಸದು. ಸೂಜಿಯ ದಾರಿಗೆ ಅಡ್ಡವಾಗಿ ಒಂದು ಗೂಟ ಇದ್ದು, ಟ್ರಿಗರ್ ಎಳೆದಾಗ ಮಾತ್ರ ಮೇಲೇಳುತ್ತದೆ. ಬಿದ್ದಾಗ ಒಳಭಾಗ ಜಾರದಂತೆ ಹಿಡಿಯುವ ಮೂರನೆಯ ತಡೆಯೂ ಇದೆ. ನಮ್ಮ ರಾಷ್ಟ್ರೀಯ ಭದ್ರತಾ ಪಡೆ ಬಳಸುವ ಪಿಸ್ತೂಲುಗಳಲ್ಲಿ ಇದೂ ಒಂದು. ಇಂದು ಜಗತ್ತಿನ ಪೊಲೀಸರ ಸೊಂಟದಲ್ಲಿ ಕಾಣುವ ಬಹುಪಾಲು ಹೊಸ ಪಿಸ್ತೂಲುಗಳು ಈ ಮಾದರಿಯನ್ನೇ ಅನುಸರಿಸಿವೆ.

ಇದರ ಪರವಾಗಿ ಹೇಳುವವರ ವಾದ ಹೀಗಿದೆ. ಪ್ರಾಣಕ್ಕೆ ಕುತ್ತು ಬಂದ ಕ್ಷಣದಲ್ಲಿ ಸನ್ನೆ ತೆಗೆಯುವುದನ್ನು ಮರೆತು ಸತ್ತವರಿದ್ದಾರೆ. ಮರೆಯಲು ಏನೂ ಇಲ್ಲದ ಯಂತ್ರವೇ ಒಳ್ಳೆಯದು. ವಿರೋಧಿಸುವವರ ವಾದವೂ ಹುರುಳಿಲ್ಲದ್ದಲ್ಲ. ಬೆರಳು ಒತ್ತಿದರೆ ಸಾಕು ಎಂದರೆ, ಅಂಗಿಯ ದಾರ ಸಿಕ್ಕಿಕೊಂಡರೂ ಸಾಕು ಎಂದಾಯಿತು. ಗಾಬರಿಯಲ್ಲಿ ಬೆರಳು ಬಿಗಿದರೂ ಸಾಕು ಎಂದಾಯಿತು. ಅಮೆರಿಕದ ವಾಷಿಂಗ್ಟನ್ ನಗರದ ಪೊಲೀಸರು 1980ರ ದಶಕದ ಕೊನೆಗೆ ಈ ಪಿಸ್ತೂಲಿಗೆ ಬದಲಾದ ಮೇಲಿನ ಹತ್ತು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಆಕಸ್ಮಿಕ ಸಿಡಿತಗಳಾದವೆಂದು 1998ರಲ್ಲಿ ಅಲ್ಲಿನ ಪತ್ರಿಕೆ ಬಯಲಿಗೆಳೆಯಿತು. ಅದರೊಂದಿಗೆ ಎದ್ದು ಕಂಡದ್ದು ತರಬೇತಿಯ ಕೊರತೆ.

ನ್ಯೂಯಾರ್ಕ್ ನಗರದ ಪೊಲೀಸರು ಬೇರೆ ದಾರಿ ಹಿಡಿದರು. ಸಾಮಾನ್ಯವಾಗಿ ಸುಮಾರು ಎರಡೂವರೆ ಕಿಲೋ ಒತ್ತಡಕ್ಕೆ ಎಳೆಯುವ ಟ್ರಿಗರನ್ನು ಸುಮಾರು ಐದೂವರೆ ಕಿಲೋಗೆ ಬಿಗಿಗೊಳಿಸಿದರು. ಅರಿಯದೆ ಒತ್ತುವ ಸಂಭವ ಕಡಿಮೆಯಾಗಲಿ ಎಂಬುದು ಉದ್ದೇಶ. ಆದರೆ ಅಷ್ಟು ಬಲವಾಗಿ ಎಳೆಯುವಾಗ ಕೈ ಅಲುಗುತ್ತದೆ, ಗುರಿ ತಪ್ಪುತ್ತದೆ. ಜನನಿಬಿಡ ಬೀದಿಯಲ್ಲಿ ಗುರಿ ತಪ್ಪಿದ ಗುಂಡು ದಾರಿಹೋಕನಿಗೆ ತಗಲುತ್ತದೆ. 2021ರಲ್ಲಿ ಅಲ್ಲಿ ಹೊಸದಾಗಿ ಸೇರುವವರಿಗೆ ಹಗುರ ಟ್ರಿಗರಿನ ಪಿಸ್ತೂಲು ಕೊಡಲು ನಿರ್ಧರಿಸಿದರು. ಹಗ್ಗ ಮತ್ತೆ ಈಚೆ ತಂಡದ ಕಡೆಗೆ ಸರಿಯಿತು.

ಘಟ್ಟದ ಬಸ್ಸು ಮತ್ತು ಟ್ರಿಗರಿನ ತೂಕ

ಇತ್ತೀಚಿನ ದೊಡ್ಡ ವಿವಾದ ಸಿಗ್ ಸಾವರ್ ಕಂಪನಿಯ ಪಿ-320 ಎಂಬ ಪಿಸ್ತೂಲಿನದು. ಇದು 2014ರಲ್ಲಿ ಮಾರುಕಟ್ಟೆಗೆ ಬಂತು. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಇದರ ಒಂದು ರೂಪವನ್ನು ತನ್ನ ಹೊಸ ಪಿಸ್ತೂಲಾಗಿ ಆರಿಸಿಕೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಒಂದು ಸಂಗತಿ ಹೊರಬಿತ್ತು. ನಾಗರಿಕರಿಗೆ ಮಾರಿದ ಪಿಸ್ತೂಲು ಹಿಂಬದಿ ಕೆಳಗಾಗಿ ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದರೆ ಯಾರೂ ಮುಟ್ಟದೆಯೇ ಸಿಡಿಯಬಲ್ಲದು!

ಇದು ಹೇಗೆ ಸಾಧ್ಯ? ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಬಸ್ಸಿನಲ್ಲಿ ನೀವು ನಿಂತಿದ್ದೀರೆಂದುಕೊಳ್ಳಿ. ತಿರುವಿನಲ್ಲಿ ಚಾಲಕರು ತಟ್ಟನೆ ಬ್ರೇಕ್ ಒತ್ತಿದರೆ ಬಸ್ಸು ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ, ಮುಂದಕ್ಕೆ ಮುಗ್ಗರಿಸುತ್ತೀರಿ. ಇದನ್ನೇ ಭೌತಶಾಸ್ತ್ರದ ಪಾಠದಲ್ಲಿ ಜಡತ್ವ ಎಂದು ಓದಿದ್ದೀರಿ. ಪಿಸ್ತೂಲು ಹಿಂಬದಿಯಿಂದ ನೆಲಕ್ಕೆ ಬಡಿದಾಗ ಚೌಕಟ್ಟು ನಿಲ್ಲುತ್ತದೆ. ಆದರೆ ತೂಕವುಳ್ಳ ಟ್ರಿಗರ್ ತನ್ನ ಜಡತ್ವದಿಂದ ಹಿಂದಕ್ಕೆ ಚಲಿಸುತ್ತಲೇ ಇರುತ್ತದೆ. ಒಳಗಿನ ಯಂತ್ರಕ್ಕೆ ಬೆರಳು ಎಳೆದದ್ದೋ ಬಿದ್ದು ಎಳೆದದ್ದೋ ತಿಳಿಯದು. ಟ್ರಿಗರ್ ಹಿಂದೆ ಬಂತೆಂದರೆ ಅದು ತಡೆಯ ಗೂಟವನ್ನೂ ಎತ್ತುತ್ತದೆ, ಸೂಜಿಯನ್ನೂ ಬಿಡುತ್ತದೆ.

ಕಂಪನಿಯ ಉತ್ತರ ಗಮನಾರ್ಹವಾಗಿತ್ತು. ಪಿಸ್ತೂಲು ಅಮೆರಿಕದ ಎಲ್ಲ ಮಾನದಂಡಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ, ಅದಕ್ಕೂ ಮೀರಿದ ಬೀಳುವಿಕೆಯಲ್ಲಿ ಮಾತ್ರ ಹೀಗಾಗಬಹುದು ಎಂದಿತು. ಇದು ಸುಳ್ಳೂ ಅಲ್ಲ. ಅಲ್ಲಿನ ತಯಾರಕರ ಮಾನದಂಡದಲ್ಲಿ ಪಿಸ್ತೂಲನ್ನು ಸುಮಾರು 1.2 ಮೀಟರ್ ಎತ್ತರದಿಂದ ರಬ್ಬರ್ ಹಾಸಿನ ಮೇಲೆ ಗೊತ್ತುಪಡಿಸಿದ ದಿಕ್ಕುಗಳಲ್ಲಿ ಬೀಳಿಸುತ್ತಾರೆ. ಅಪಾಯದ ಕೋನ ಆ ಪಟ್ಟಿಯಲ್ಲಿ ಇರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಬಾರದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೂ ನೂರಕ್ಕೆ ನೂರು ಅಂಕ ಬರುವಂತೆ! ಕಂಪನಿ ಟ್ರಿಗರನ್ನು ಹಗುರ ಮಾಡಿ, ಒಳಭಾಗಗಳನ್ನು ಬದಲಿಸಿ, ಹಳೆಯವನ್ನು ಉಚಿತವಾಗಿ ತಿದ್ದಿಕೊಡಲು ಮುಂದಾಯಿತು.

ವಿವಾದ ಅಲ್ಲಿಗೆ ಮುಗಿಯಲಿಲ್ಲ. ಬೀಳದೆಯೂ, ಸೊಂಟದ ಚೀಲದಲ್ಲಿದ್ದಾಗಲೇ ಸಿಡಿಯಿತು ಎಂದು ಅನೇಕರು ನ್ಯಾಯಾಲಯದ ಮೆಟ್ಟಿಲೇರಿದರು. ಟ್ರಿಗರ್ ಎಳೆಯದೆ ಇದು ಸಿಡಿಯುವುದಿಲ್ಲ ಎಂಬುದು ಕಂಪನಿಯ ನಿಲುವು. 2024ರಲ್ಲಿ ಜಾರ್ಜಿಯಾದಲ್ಲಿ ಮತ್ತು ಫಿಲಡೆಲ್ಫಿಯಾದಲ್ಲಿ ಜ್ಯೂರಿಗಳು ಗಾಯಾಳುಗಳಿಗೆ ಪರಿಹಾರ ಕೊಡಬೇಕೆಂದು ತೀರ್ಮಾನಿಸಿದವು. ಬೇರೆ ಕೆಲವು ಮೊಕದ್ದಮೆಗಳಲ್ಲಿ ಕಂಪನಿಯೇ ಗೆದ್ದಿತು.

2025ರ ಜುಲೈನಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ವಾಯುನೆಲೆಯೊಂದರಲ್ಲಿ ಈ ಪಿಸ್ತೂಲಿನ ಸೈನಿಕ ಮಾದರಿಯ ಗುಂಡಿಗೆ ಯುವ ಸೈನಿಕನೊಬ್ಬ ಬಲಿಯಾದನು. ವಾಯುಪಡೆಯ ಆ ವಿಭಾಗ ಪಿಸ್ತೂಲಿನ ಬಳಕೆಯನ್ನೇ ನಿಲ್ಲಿಸಿತು. "ನೋಡಿ, ಮತ್ತೆ ತಾನಾಗಿ ಸಿಡಿಯಿತು" ಎಂದು ಎಲ್ಲೆಡೆ ಮಾತಾಯಿತು. ಆದರೆ ಆಗಸ್ಟಿನಲ್ಲಿ ವಾಯುಪಡೆ ಬೇರೆಯದೇ ಸುದ್ದಿ ಕೊಟ್ಟಿತು. ಸುಳ್ಳು ಹೇಳಿಕೆ ಮತ್ತು ಅಜಾಗರೂಕತೆಯ ನರಹತ್ಯೆಯ ಸಂಶಯದ ಮೇಲೆ ಒಬ್ಬನನ್ನು ಬಂಧಿಸಲಾಗಿತ್ತು. ಪಿಸ್ತೂಲುಗಳನ್ನು ತಪಾಸಣೆ ಮಾಡಿ ಮತ್ತೆ ಬಳಕೆಗೆ ಕೊಡಲಾಯಿತು.

ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2017ರಲ್ಲಿ "ಯಂತ್ರ ಸರಿಯಾಗಿದೆ" ಎಂದವರು ಎಡವಿದರು. 2025ರಲ್ಲಿ "ಯಂತ್ರವೇ ತಪ್ಪು ಮಾಡಿತು" ಎಂದು ಅವಸರಪಟ್ಟವರು ಎಡವಿದರು. ಹಿಂದೊಮ್ಮೆ ದೋಷವಿತ್ತು ಎಂಬುದು ಇಂದಿನ ದೋಷಕ್ಕೆ ಸಾಕ್ಷಿಯಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ನಿರ್ದೋಷಕ್ಕೆ ಸಾಕ್ಷಿಯೂ ಅಲ್ಲ.

ಹಾಗಾದರೆ ತೀರ್ಮಾನಿಸುವುದು ಹೇಗೆ?

ಆಯುಧ ಸುರಕ್ಷಿತವೇ ಎಂದು ಯಾರಾದರೂ ಕೇಳಿದರೆ ಹೌದು ಅಥವಾ ಅಲ್ಲ ಎನ್ನುವ ಮೊದಲು ನಾಲ್ಕು ಪ್ರಶ್ನೆ ಕೇಳಿ.

ಒಂದು, ಯಾವ ಸ್ಥಿತಿಯಲ್ಲಿ? ಬಿದ್ದಾಗಲೋ, ಚೀಲದಲ್ಲಿದ್ದಾಗಲೋ, ಸ್ವಚ್ಛಗೊಳಿಸುವಾಗಲೋ? ಒಂದು ಸ್ಥಿತಿಯ ಉತ್ತರ ಇನ್ನೊಂದಕ್ಕೆ ಹೊಂದದು.

ಎರಡು, ಹೇಗೆ ಪರೀಕ್ಷಿಸಿದರು? ಎಷ್ಟು ಎತ್ತರ, ಯಾವ ಕೋನ, ಎಂಥ ನೆಲ? ಬೇರೆಯವರು ಅದೇ ಪರೀಕ್ಷೆ ಮಾಡಿದರೆ ಅದೇ ಫಲ ಬಂದೀತೇ?

ಮೂರು, ಎಷ್ಟರಲ್ಲಿ ಎಷ್ಟು? ಲಕ್ಷಗಟ್ಟಲೆ ಪಿಸ್ತೂಲುಗಳಲ್ಲಿ ಹತ್ತು ಸಿಡಿತಗಳೋ, ನೂರರಲ್ಲಿ ಹತ್ತೋ? ಕೇವಲ "ಹತ್ತು" ಎಂಬ ಅಂಕೆ ಏನನ್ನೂ ಹೇಳದು.

ನಾಲ್ಕು, ಯಾರ ಕೈಯಲ್ಲಿ? ವರ್ಷಕ್ಕೊಮ್ಮೆ ಮಾತ್ರ ಗುಂಡು ಹಾರಿಸಿ ನೋಡುವವನ ಕೈಯಲ್ಲೋ, ವಾರವಾರ ಅಭ್ಯಾಸ ಮಾಡುವವನ ಕೈಯಲ್ಲೋ?

ನಮ್ಮ ಕರಾವಳಿಯವರು ಐದನೆಯ ಪ್ರಶ್ನೆಯನ್ನೂ ಸೇರಿಸಬೇಕು. ಎಂಥ ಹವೆಯಲ್ಲಿ? ಮುರ್ಡೇಶ್ವರದಲ್ಲಿ ಸಮುದ್ರದ ಮಗ್ಗುಲಿನ ಮನೆಯ ಕಿಟಕಿಯ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂದು ನಿಮಗೆ ಗೊತ್ತು. ಅದೇ ಉಪ್ಪುಗಾಳಿ ಪಿಸ್ತೂಲಿನ ಸ್ಪ್ರಿಂಗಿಗೂ ತಗಲುತ್ತದೆ. ತುಕ್ಕು ಹಿಡಿದ ಸ್ಪ್ರಿಂಗ್ ತಡೆಯ ಗೂಟವನ್ನು ತನ್ನ ಜಾಗಕ್ಕೆ ತಳ್ಳದಿದ್ದರೆ ಸುರಕ್ಷತೆ ಹೋಯಿತು. ಸೂಜಿಯನ್ನು ಬಲವಾಗಿ ದೂಡದಿದ್ದರೆ ವಿಶ್ವಾಸಾರ್ಹತೆ ಹೋಯಿತು. ಎಂಥ ಒಳ್ಳೆಯ ರಚನೆಯೂ ಒರೆಸದೆ, ಎಣ್ಣೆ ಹಾಕದೆ ಇಟ್ಟರೆ ಎರಡನ್ನೂ ಕಳೆದುಕೊಳ್ಳುತ್ತದೆ.

ಸ್ವಚ್ಛಗೊಳಿಸುವಾಗಲೇ ಅಪಘಾತವಾಗುವುದೇಕೆ ಎಂದು ನೀವು ಕೇಳಬಹುದು. ಪಿಸ್ತೂಲಿನಿಂದ ಮ್ಯಾಗಜಿನ್ ತೆಗೆದ ಕೂಡಲೇ ಅದು ಖಾಲಿಯಾಯಿತೆಂದು ಭಾವಿಸುವುದೇ ಮುಖ್ಯ ಕಾರಣ. ನಳಿಗೆಯ ಹಿಂಬದಿಯಲ್ಲಿ ಆಗಲೇ ಕುಳಿತಿರುವ ಒಂದು ತೋಟಾ ಅಲ್ಲೇ ಉಳಿದಿರುತ್ತದೆ. ಅದಕ್ಕೇ ತರಬೇತುದಾರರು ಒಂದೇ ಮಾತನ್ನು ಸಾವಿರ ಸಲ ಹೇಳುತ್ತಾರೆ: ಪ್ರತಿ ಬಂದೂಕೂ ತುಂಬಿದೆ ಎಂದೇ ತಿಳಿ, ಬಾಯನ್ನು ಯಾರ ಕಡೆಗೂ ತಿರುಗಿಸಬೇಡ, ಗುರಿಯಿಡುವ ತನಕ ಬೆರಳನ್ನು ಟ್ರಿಗರಿನ ಹೊರಗಿಡು. ಈ ಮೂರರಲ್ಲಿ ಎರಡನ್ನು ಮರೆತರೂ ಮೂರನೆಯದು ಜೀವ ಉಳಿಸುತ್ತದೆ. ಯಂತ್ರದೊಳಗಿನ ತಡೆಗಳು ಮೂರಿದ್ದಂತೆ ಮನಸ್ಸಿನ ತಡೆಗಳೂ ಮೂರು.

ಯಾರ ಸುರಕ್ಷತೆ?

ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧ. 21 ವರ್ಷ ತುಂಬದವರಿಗೆ ಪರವಾನಗಿ ಇಲ್ಲ. 2019ರ ತಿದ್ದುಪಡಿಯ ಪ್ರಕಾರ, ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಶಿಕ್ಷೆಯಾಗಬಹುದು. ಚುನಾವಣೆ ಬಂದಾಗ ಪರವಾನಗಿ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಸೂಚನೆಯೂ, ಫಸಲಿನ ಹೊತ್ತಿನಲ್ಲಿ ಹಂದಿಯನ್ನು ಬೆದರಿಸಲು ಏನು ಮಾಡಲಿ ಎಂಬ ರೈತರ ಅಳಲೂ ನಮ್ಮ ಕಡೆ ಪ್ರತಿ ಸಲ ಕೇಳಿಬರುತ್ತದೆ. ಊರಿನ ಸುರಕ್ಷತೆ ಒಂದು ಕಡೆ, ಬೆಳೆಯ ಸುರಕ್ಷತೆ ಇನ್ನೊಂದು ಕಡೆ. ಇಲ್ಲಿಯೂ ಅದೇ ಹಗ್ಗ ಜಗ್ಗಾಟ!

2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ನಿರ್ಭೀಕ್ ಎಂಬ ಹಗುರ ರಿವಾಲ್ವರನ್ನು ಹೊರತಂದು, ಅದು ಮಹಿಳೆಯರ ರಕ್ಷಣೆಗೆಂದು ಪ್ರಚಾರ ಪಡೆದಾಗ ದೇಶದಲ್ಲಿ ಚರ್ಚೆಯಾಯಿತು. ತೂಕ ಅರ್ಧ ಕಿಲೋ, ಬೆಲೆ ಲಕ್ಷಕ್ಕೂ ಮೇಲೆ. ಅದು ಯಂತ್ರವಾಗಿ ಎಷ್ಟೇ ಸುರಕ್ಷಿತವಾಗಿರಲಿ, ಬಂದೂಕು ಮನೆಗೆ ಬಂದರೆ ಆ ಮನೆ ಸುರಕ್ಷಿತವಾಗುತ್ತದೆಯೇ ಎಂದು ಟೀಕಾಕಾರರು ಕೇಳಿದರು. ತಯಾರಕನ ಪರೀಕ್ಷಾಲಯ ಉತ್ತರಿಸಲಾಗದ ಪ್ರಶ್ನೆ ಇದು. ಉತ್ತರ ಕಂಡುಕೊಳ್ಳಬೇಕಾದವರು ನಾವು, ನೀವು.

ಕೊನೆಯದಾಗಿ ಒಂದು ಮಾತು. ಮನೆಯಲ್ಲೋ ನೆಂಟರಲ್ಲೋ ಕೋವಿ ಕಂಡರೆ ಕುತೂಹಲಕ್ಕೂ ಮುಟ್ಟಬೇಡಿ. ಖಾಲಿಯಿದೆ ಎಂದು ಗೆಳೆಯ ಹೇಳಿದರೂ ನಂಬಬೇಡಿ. ತಮ್ಮ ತಂಗಿಯರನ್ನು ಅಲ್ಲಿಂದ ಕರೆದುಕೊಂಡು ಬಂದು ಹಿರಿಯರಿಗೆ ತಿಳಿಸಿ. ನಾಳೆ ಪತ್ರಿಕೆಯಲ್ಲಿ "ಆಕಸ್ಮಿಕವಾಗಿ ಗುಂಡು ಹಾರಿ" ಎಂದು ಓದಿದಾಗ ಪೇದೆಯನ್ನೂ ಬೈಯಬೇಡಿ, ಪಿಸ್ತೂಲನ್ನೂ ಬೈಯಬೇಡಿ. ಮೊದಲು ಆ ನಾಲ್ಕು ಪ್ರಶ್ನೆ ಕೇಳಿ, ನಂತರ ನಮ್ಮ ಕರಾವಳಿಯ ಐದನೆಯದನ್ನು.

ತರಗತಿಯಲ್ಲಿ ಚರ್ಚಿಸಿ

1. ಟ್ರಿಗರನ್ನು ಬಿಗಿಗೊಳಿಸುವುದರಿಂದ ಯಾರಿಗೆ ಲಾಭ, ಯಾರಿಗೆ ಅಪಾಯ?

2. ಮಾನದಂಡದ ಪರೀಕ್ಷೆಯಲ್ಲಿ ತೇರ್ಗಡೆಯಾದ ವಸ್ತುವಿನಿಂದ ಅಪಘಾತವಾದರೆ ಹೊಣೆ ತಯಾರಕನದೋ, ಮಾನದಂಡ ರೂಪಿಸಿದವರದೋ?

3. ಸುರಕ್ಷತೆ ಮತ್ತು ವಿಶ್ವಾಸಾರ್ಹತೆ ಒಂದನ್ನೊಂದು ಜಗ್ಗುವ ಬೇರೆ ಯಂತ್ರಗಳು ನಿಮ್ಮ ಮನೆಯಲ್ಲಿ, ದೋಣಿಯಲ್ಲಿ, ತೋಟದಲ್ಲಿ ಯಾವುವಿವೆ? ಪಟ್ಟಿ ಮಾಡಿ.